ಅಪ್ಪನ ಜಾವಾ, ನನ್ನ ಹೆಬ್ಬೆರಳು



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ. ಗಾಡಿ ವಿಷಯ, ಆದ್ರೆ ಬರೀ ಗಾಡಿ ವಿಷಯ ಅಲ್ಲ.

ಕಳೆದ ಭಾನುವಾರ ಬೆಂಗಳೂರಿಂದ ಒಬ್ಬರು ನನ್ನ ಗ್ಯಾರೇಜಿಗೆ ಬಂದಿದ್ರು. ಹಳೇ ಬೈಕುಗಳನ್ನ ಕೂಡಿಡೋ ಹವ್ಯಾಸದವರು. ಮೂಲೇಲಿ ಟಾರ್ಪಾಲು ಹೊದ್ದು ನಿಂತಿರೋ ಅಪ್ಪನ ಜಾವಾ ಬಗ್ಗೆ ಯಾರೋ ಹೇಳಿದ್ರಂತೆ. ಟಾರ್ಪಾಲು ಎತ್ತಿದ್ದೇ ತಡ ಅವರ ಮುಖ ಅರಳಿಹೋಯ್ತು. ಮೆರೂನ್ ಬಣ್ಣ, ಟ್ಯಾಂಕಿನ ಎರಡೂ ಕಡೆ ಮೊಣಕಾಲಿನ ರಬ್ಬರು, ಎರಡು ಸೈಲೆನ್ಸರು, ಎಲ್ಲಾ ಹಾಗೇ ಇದೆ. ಸುತ್ತ ಒಂದು ಸುತ್ತು ಹಾಕಿ, ಕೂತು, ಎದ್ದು, ಕೊನೆಗೆ ಕೇಳಿದ್ರು:

"ಬ್ರದರ್, ಎಂಜಿನ್ ಅನ್‌ಟಚ್ಡ್ ತಾನೆ?"

ಹಳೇ ಗಾಡಿ ವ್ಯಾಪಾರದಲ್ಲಿ ಇದು ದೊಡ್ಡ ಹೊಗಳಿಕೆಯ ಮಾತು. ಅನ್‌ಟಚ್ಡ್ ಅಂದ್ರೆ ಯಾರೂ ಕೈ ಹಾಕಿಲ್ಲ, ಕಂಪನಿಯಿಂದ ಬಂದ ಹಾಗೇ ಇದೆ ಅಂತ. ಅಂಥ ಗಾಡಿಗೆ ರೇಟ್ ಬೇರೆ. ಪಕ್ಕದ ಕುರ್ಚೀಲಿ ಅಪ್ಪ ಕೂತಿತ್ತು. ಎಪ್ಪತ್ತಾರು ವರ್ಷ. ಇಂಗ್ಲಿಷು ಅಷ್ಟಕ್ಕಷ್ಟೆ, ಆದ್ರೆ ಆ ಪದ ಮಾತ್ರ ಚೆನ್ನಾಗಿ ಗೊತ್ತು. ನಕ್ಕುಬಿಡ್ತು. ಬಂದವರಿಗೆ ಯಾಕೆ ನಗು ಅಂತ ಗೊತ್ತಾಗಲಿಲ್ಲ.

ನಾನು ಹೇಳ್ದೆ, "ಇಲ್ಲ ಸರ್, ಎಂಜಿನ್ ಬಿಚ್ಚಿದೆ. ಬೋರಿಂಗ್ ಆಗಿದೆ. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಇದೆ."

ಅವರ ಮುಖ ಸ್ವಲ್ಪ ಇಳೀತು. "ಹಂಗಾದ್ರೆ ಕಂಪ್ರೆಶನ್ ನೋಡೋಣ" ಅಂದ್ರು. ನೋಡೋಣ ಅಂದೆ.

ಗಾಡಿ ಗೊತ್ತಿಲ್ದೋರಿಗೆ ಎರಡು ಮಾತು. ಎಂಜಿನ್ ಅಂದ್ರೆ ಒಂದು ಗುಂಡಗಿನ ಬಾವಿ, ಅದರೊಳಗೆ ಮೇಲೆ ಕೆಳಗೆ ಆಡೋ ಒಂದು ಪಿಸ್ಟನ್ನು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಬೆರೆತ ಗಾಳಿಯನ್ನ ಒತ್ತಿ ಚಿಕ್ಕದು ಮಾಡತ್ತೆ. ಆ ಒತ್ತಡಾನೇ ಕಂಪ್ರೆಶನ್ನು. ಒತ್ತಡ ಇದ್ದಾಗ ಕಿಡಿ ಬಿದ್ರೆ ಢಂ ಅನ್ನತ್ತೆ, ಗಾಡಿ ಓಡತ್ತೆ. ಒತ್ತಡ ಸಂದೀಲಿ ಸೋರಿಹೋದ್ರೆ ಎಷ್ಟು ಪೆಟ್ರೋಲ್ ಹುಯ್ದ್ರೂ, ಎಷ್ಟು ಹೊಸ ಪ್ಲಗ್ ಹಾಕಿದ್ರೂ ಅಷ್ಟೇ. ಕಿಕ್ ಹೊಡೆದೂ ಹೊಡೆದೂ ಕಾಲು ಬೀಳತ್ತೆ.

ಜಾವಾ ನಮ್ಮ ಮೈಸೂರಿನ ಗಾಡಿ. ಅರವತ್ತರ ದಶಕದ ಶುರುವಿನಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಲೈಸೆನ್ಸಿನಲ್ಲಿ ಇಲ್ಲಿಯ ಐಡಿಯಲ್ ಜಾವಾ ಫ್ಯಾಕ್ಟರಿ ತಯಾರಿಸ್ತಿತ್ತು. 1973ರಿಂದ ಯೆಜ್ದಿ ಅಂತ ಹೆಸರಾಯ್ತು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಮುಚ್ತು. ಆ 250ರ ಬಾವಿ 65 ಮಿಲಿಮೀಟರ್ ಅಗಲ, ಪಿಸ್ಟನ್ ಓಡಾಟ 75 ಮಿಲಿಮೀಟರ್. ಟೂ ಸ್ಟ್ರೋಕ್ ಎಂಜಿನ್, ವಾಲ್ವುಗಳಿಲ್ಲ. ಅದರ ಕಿಕ್ಕರ್ ನೋಡಿದೋರಿಗೆ ಗೊತ್ತು, ಎಡಗಡೆ ಗೇರ್ ಲಿವರ್ರೇ ಕಿಕ್ಕರ್ರು. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದ್ರೆ ಕಿಕ್ಕರ್, ಹೊಡೆದಾದ್ಮೇಲೆ ಮತ್ತೆ ಗೇರ್.

ಈಗ ಅಪ್ಪನ ಕತೆ.

ಅಪ್ಪ ಹುಡುಗನಾಗಿದ್ದಾಗ ಮೈಸೂರಲ್ಲಿ ಒಬ್ಬ ಸಾಬರ ಗ್ಯಾರೇಜಲ್ಲಿ ನಾಕು ವರ್ಷ ಹೆಲ್ಪರ್ ಆಗಿತ್ತು. ಉಸ್ತಾದ್ ಅಂತಾನೇ ಇವತ್ತಿಗೂ ಕರೆಯೋದು. ಜಾತಿ ಕೇಳದೆ ಕೆಲಸ ಕೊಟ್ಟ, ಒಂದೇ ಡಬ್ಬೀಲಿ ಉಣ್ಣೋಕೆ ಕೂರಿಸ್ಕಂಡ ಮೊದಲನೇ ಮನುಷ್ಯ ಅಂತ ಹೇಳತ್ತೆ. ಆ ಗ್ಯಾರೇಜಲ್ಲಿ ಗೇಜು ಇರಲಿಲ್ಲ. ಉಸ್ತಾದ್ ಹೆಬ್ಬೆರಳೇ ಗೇಜು. ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡ್ಕೊಂಡು ಇನ್ನೊಬ್ಬನ ಕೈಲಿ ಕಿಕ್ ಹೊಡೆಸೋದು. ಒಳ್ಳೇ ಎಂಜಿನ್ ಆದ್ರೆ ಎಷ್ಟೇ ಬಿಗಿಯಾಗಿ ಹಿಡಿದ್ರೂ ಬೆರಳನ್ನ ಎತ್ತಿ ಎಸೆಯತ್ತೆ, ಪಟ್ ಅಂತ ಸದ್ದು ಬರತ್ತೆ. ಸವೆದ ಎಂಜಿನ್ ಆದ್ರೆ ಬೆರಳಡಿ ಬುಸ್ ಅಂತ ಸುಮ್ನಾಗತ್ತೆ. ಅಪ್ಪ ಕಲಿತಿದ್ದು ಅದನ್ನ.

ಆಮೇಲೆ ಅಪ್ಪಂಗೆ ದನದ ಆಸ್ಪತ್ರೇಲಿ ಡಿ ಗ್ರೂಪ್ ಕೆಲಸ ಸಿಕ್ತು. 1984ರಲ್ಲಿ ಮೂರು ಸಾವಿರದ ಇನ್ನೂರು ರೂಪಾಯಿಗೆ ಈ ಜಾವಾನ ಸೆಕೆಂಡ್ ಹ್ಯಾಂಡಲ್ಲಿ ತಗಂತು. ನಮ್ಮ ಕೇರಿಗೆ ಬಂದ ಮೊದಲ ಮೋಟಾರು ಗಾಡಿ ಅದು. ತಂದಿದ್ದೇನೋ ಆಯ್ತು. ಓಡಿಸೋದು ಎಲ್ಲಿ?

ಮೇನ್ ರೋಡಿಂದ ನಮ್ಮ ಕೇರಿಗೆ ಬರಬೇಕಾದ್ರೆ ಮೇಲಿನ ಬೀದಿ ದಾಟಬೇಕು. ಬೇವಿನ ಮರದಿಂದ ಹಳೇ ಬಾವಿವರೆಗೆ ಇನ್ನೂರು ಮಾರು. ಆ ಇನ್ನೂರು ಮಾರು ನಮ್ಮೋರು ಚಪ್ಪಲಿ ಕೈಲಿ ಹಿಡೀಬೇಕು, ಸೈಕಲ್ ಇದ್ರೆ ಇಳಿದು ತಳ್ಳಬೇಕು. ಮೋಟಾರು ಗಾಡಿಗೆ ಏನು ರೂಲ್ಸು ಅಂತ ಊರೋರಿಗೂ ಗೊತ್ತಿರಲಿಲ್ಲ, ಯಾಕಂದ್ರೆ ಅಲ್ಲೀವರೆಗೆ ನಮ್ಮೋರು ಯಾರೂ ತಂದಿರಲಿಲ್ಲ. ಎರಡೇ ದಿನಕ್ಕೆ ರೂಲ್ಸು ಆಯ್ತು. ಬೇವಿನ ಮರದ ಹತ್ರ ಎಂಜಿನ್ ಆಫ್ ಮಾಡಬೇಕು, ಇಳೀಬೇಕು, ತಳ್ಕೊಂಡು ಹೋಗಬೇಕು, ಬಾವಿ ದಾಟಿದ ಮೇಲೆ ಸ್ಟಾರ್ಟ್ ಮಾಡ್ಕೋಬಹುದು.

ಏಳು ವರ್ಷ ಅಪ್ಪ ಹಂಗೇ ಮಾಡ್ತು. ದಿನಕ್ಕೆ ಎರಡು ಸಲ. ನೂರು ಕೇಜಿಗೂ ಮೇಲಿನ ಗಾಡಿ.

ಒಂದು ವಿಷಯ ಹೇಳಬೇಕು. ರಾತ್ರಿ ಹೊತ್ತು ಮೇಲಿನ ಬೀದಿಯ ಹಸು ಕರು ಹಾಕೋಕೆ ತೊಳಲಾಡಿದ್ರೆ ಅವರೇ ಕೇರಿಗೆ ಆಳು ಕಳಿಸ್ತಿದ್ರು. "ಬೇಗ ಬಾರ್ಲಾ, ಗಾಡೀಲೇ ಬಾ" ಅಂತ. ಆಗ ಎಂಜಿನ್ ಆಫ್ ಮಾಡಬೇಕಿರಲಿಲ್ಲ. ಅವರ ಕೊಟ್ಟಿಗೆ ಬಾಗಿಲವರೆಗೂ ಗಾಡಿ ಬರಬಹುದಿತ್ತು. ಬೆಳಗಾದ್ರೆ ಮತ್ತೆ ತಳ್ಳಬೇಕು. ಹಸು ಸಂಕಟಕ್ಕಿಲ್ಲದ ಮೈಲಿಗೆ ನಮ್ಮ ಅಪ್ಪನ ಓಡಾಟಕ್ಕಿತ್ತು.

ಅಪ್ಪ ಪ್ರತಿ ಭಾನುವಾರ ಪ್ಲಗ್ ಬಿಚ್ಚಿ ಹೆಬ್ಬೆರಳಿಟ್ಟು ಕಂಪ್ರೆಶನ್ ನೋಡ್ತಿತ್ತು. ಕಿಕ್ ಹೊಡೆಯೋದು ಅವ್ವ. ನಾನು ಸಣ್ಣೋನು, ಅಪ್ಪಂಗೆ ಗಾಡಿ ಅಂದ್ರೆ ಹುಚ್ಚು ಅಂದ್ಕೊಂಡಿದ್ದೆ. ದೊಡ್ಡೋನಾದ ಮೇಲೆ ಗೊತ್ತಾಯ್ತು. ಬಾವಿ ಕಟ್ಟೆ ಮೇಲೆ ಯಾವಾಗ್ಲೂ ಹತ್ತು ಹದಿನೈದು ಜನ ಕೂತಿರ್ತಿದ್ರು. ತಳ್ಕೊಂಡು ಬಂದು ಅವರೆದುರಿಗೆ ಕಿಕ್ ಹೊಡೆದಾಗ ಗಾಡಿ ಸ್ಟಾರ್ಟ್ ಆಗಲಿಲ್ಲ ಅನ್ನಿ, ಮುಗೀತು. ನಗು. "ಎತ್ತಿನ ಗಾಡಿ ಹೊಡಿಯೋನಿಗೆ ಮೋಟ್ರು ಯಾಕ್ಲಾ?" ತಳ್ಳೋದನ್ನ ತಪ್ಪಿಸೋಕೆ ಅಪ್ಪನ ಕೈಲಿ ಆಗ್ತಿರಲಿಲ್ಲ. ಆದ್ರೆ ಆ ನಗು ತಪ್ಪಿಸೋದು ಕೈಲಿತ್ತು. ಒಂದೇ ಕಿಕ್ಕು. ಏಳು ವರ್ಷ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡ್ತು ಅಪ್ಪ.

ಆಮೇಲೆ 1991 ಬಂತು. ಬಾಬಾಸಾಹೇಬರು ಹುಟ್ಟಿ ನೂರು ವರ್ಷ. ಅಪ್ಪ ದಸಂಸದೋರ ಸಭೆಗಳಿಗೆ ಹೋಗೋಕೆ ಶುರು ಮಾಡಿ ಆಗಲೇ ಎರಡು ವರ್ಷ ಆಗಿತ್ತು. ನಮ್ಮ ಕೇರೀಲಿ ಮೊದಲ ಸಲ ಏಪ್ರಿಲ್ 14 ಆಚರಿಸೋಣ ಅಂತ ತೀರ್ಮಾನ ಆಯ್ತು. ಫೋಟೋಗೆ ಮೈಸೂರಲ್ಲಿ ಫ್ರೇಮ್ ಹಾಕ್ಸಿದ್ರು. ಅದನ್ನ ತರೋ ಕೆಲಸ ಅಪ್ಪಂದು.

ಹಿಂದಿನ ದಿನ ಸಂಜೆ ಅಪ್ಪ ಹೆಡ್ ಬಿಚ್ಚಿ ಮಸಿ ಕೆರೀತು. ಸೈಲೆನ್ಸರ್ ಬಾಯಿ ಕ್ಲೀನ್ ಮಾಡ್ತು. ಹೊಸ ಪ್ಲಗ್ ತಂದಿಟ್ಕಂತು. ಎಲ್ಲಾ ಜೋಡಿಸಿ ನನ್ನ ಕರೆದು, "ಹೆಬ್ಬೆಟ್ಟು ಇಡ್ಲಾ ಇಲ್ಲಿ" ಅಂತು. ಒಂಬತ್ತು ವರ್ಷದೋನು ನಾನು. ಇಟ್ಟೆ. ಅಪ್ಪ ಕಿಕ್ ಹೊಡೀತು. ಬೆರಳು ಹಾರಿಹೋಯ್ತು. "ನೋಡ್ದಾ? ಅಷ್ಟು ಜೋರಿರಬೇಕು" ಅಂತು.

ಅವ್ವ ಕೇಳ್ತು, "ನಾಳೆ ಏನ್ ಮಾಡ್ತೀಯ ಮೇಲ್ ಬೀದೀಲಿ?"

"ಬಾಬಾಸಾಹೇಬ್ರನ್ನ ಕೂರಿಸ್ಕಂಡು ಗಾಡಿ ತಳ್ಳಕಾಯ್ತದಾ?" ಅಂತು ಅಪ್ಪ. ಅವ್ವ ಆಮೇಲೆ ಮಾತಾಡಲಿಲ್ಲ.

ಬೆಳಿಗ್ಗೆ ನಾನು ಹಿಂದಿನ ಸೀಟಲ್ಲಿ ಫೋಟೋನ ಎದೆಗೆ ಅವುಚಿ ಕೂತಿದ್ದೆ. ಮುಖ ಪಕ್ಕಕ್ಕೆ ಕಾಣೋ ಹಂಗೆ ಹಿಡ್ಕೋ ಅಂದಿತ್ತು ಅಪ್ಪ. ಬೇವಿನ ಮರ ಬಂತು. ಎಂಜಿನ್ ಆಫ್ ಆಗಲಿಲ್ಲ. ಎರಡನೇ ಗೇರಲ್ಲಿ ನಿಧಾನಕ್ಕೆ ಹೋಗ್ತಿದ್ವಿ. ಜಗಲಿ ಮೇಲಿದ್ದೋರು ಎದ್ದು ನಿಂತ್ರು. ನೂರು ಮಾರು ಹೋಗಿರಬೇಕು, ಒಬ್ಬ ಯಜಮಾನ್ರು ಬೀದಿ ಮಧ್ಯಕ್ಕೆ ಬಂದು ನಿಂತ್ಕಂಡ್ರು. ಅಪ್ಪ ಬ್ರೇಕ್ ಹಾಕ್ತು. ಎಂಜಿನ್ ಬಕ್ ಅಂತ ಆಫ್ ಆಗೋಯ್ತು.

ಆ ನಿಶ್ಶಬ್ದ ನನಗೆ ಇವತ್ತಿಗೂ ನೆನಪಿದೆ. ಬರೀ ಬಿಸಿ ಸೈಲೆನ್ಸರ್ ಟಿಣ್ ಟಿಣ್ ಅನ್ನೋ ಸದ್ದು.

"ಇಳಿಯೋ" ಅಂದ್ರು ಅವರು.

ಅಪ್ಪ ಇಳೀಲಿಲ್ಲ. "ಬುದ್ಧಿ" ಅನ್ನೋ ಪದಾನೂ ಬರಲಿಲ್ಲ ಬಾಯಿಂದ. ನ್ಯೂಟ್ರಲ್ ಮಾಡಿ, ಲಿವರ್ ಒಳಕ್ಕೊತ್ತಿ ಕಿಕ್ ಹೊಡೀತು. ಒಂದೇ ಕಿಕ್ಕು. ಗಾಡಿ ಗುಡುಗಿಕೊಂಡು ಎದ್ದಿತು. ಅವರ ಪಕ್ಕದಲ್ಲೇ ಹ್ಯಾಂಡಲ್ ತಿರುಗಿಸ್ಕೊಂಡು ಮುಂದಕ್ಕೆ ಹೋದ್ವಿ. ಕೇರಿ ಬಾಯಲ್ಲಿ ಜನ ಕಾಯ್ತಿದ್ರು. ಅಪ್ಪನ ಕೈ ನಡುಗ್ತಿದ್ದಿದ್ದು ಹಿಂದೆ ಕೂತಿದ್ದ ನನಗೆ ಮಾತ್ರ ಗೊತ್ತು.

1929ರಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರಿಗೆ ಟಾಂಗಾದವರು ಯಾರೂ ಗಾಡಿ ಓಡಿಸೋಕೆ ಒಪ್ಪಲಿಲ್ಲ. ಅಸ್ಪೃಶ್ಯನ ಟಾಂಗಾ ಓಡಿಸೋದು ಅವರಿಗೆ ಅವಮಾನ. ಅತಿಥೀನ ನಡೆಸ್ಕೊಂಡು ಹೋಗೋದು ಹೆಂಗೆ ಅಂತ ನಮ್ಮೋರೇ ಒಬ್ಬರು ಲಗಾಮು ಹಿಡಿದ್ರು. ಅವರಿಗೆ ಓಡಿಸಿ ರೂಢಿ ಇರಲಿಲ್ಲ. ಟಾಂಗಾ ಮೋರಿ ಹತ್ರ ಅಪಘಾತ ಆಗಿ ಬಾಬಾಸಾಹೇಬರ ಕಾಲು ಮುರೀತು. ಇದನ್ನ ಅವರೇ ಬರೆದಿದ್ದಾರೆ. ಅಪ್ಪ ಈ ಕತೆ ಯಾವಾಗ್ಲೂ ಹೇಳತ್ತೆ. ಹೇಳಿ ಒಂದು ಮಾತು ಸೇರಿಸತ್ತೆ: "ಧೈರ್ಯ ಇದ್ರೆ ಸಾಲ್ದು ಮಗ. ಗಾಡಿ ಕೆಲಸಾನೂ ಗೊತ್ತಿರಬೇಕು."

ಬೆಲೆ ಕಟ್ಟಬೇಕಾಯ್ತು. ಕೇರಿಯೋರಿಗೆ ಎರಡು ತಿಂಗಳು ಕೂಲಿ ಕರೀಲಿಲ್ಲ. ಅಂಗಡೀಲಿ ಸಾಮಾನು ಕೊಡಲಿಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಅಪ್ಪ ಕಿಕ್ ಹೊಡೆದ್ರೆ ಬುಸ್ ಅಂತು. ಒಳಗಿಂದ ಕರ ಕರ ಸದ್ದು. ಅಪ್ಪ ಎರಡನೇ ಕಿಕ್ ಹೊಡೀಲಿಲ್ಲ. ಬಗ್ಗಿ ನೋಡಿದ್ರೆ ಪ್ಲಗ್ಗು ಬರೀ ಕೈಯಲ್ಲೇ ತಿರುಗ್ತಿತ್ತು. ಹೆಡ್ ಬಿಚ್ಚಿದ್ರೆ ಪಿಸ್ಟನ್ ತಲೆ ಮೇಲೆ ಒಂದು ಹಿಡಿ ಮರಳು. ರಾತ್ರಿ ಯಾರೋ ಪ್ಲಗ್ ಬಿಚ್ಚಿ ಸುರಿದಿದ್ರು. ಒಂದೇ ಕಿಕ್ಕಿಗೆ ಬೋರಲ್ಲಿ ಉದ್ದುದ್ದ ಗೀರು ಬಿದ್ದಿತ್ತು.

ಸ್ಟೇಷನ್ನಿಗೆ ಹೋದ್ರೆ "ಗಾಳಿಗೆ ಮರಳು ಬಂದಿರತ್ತೆ ಹೋಗಪ್ಪ" ಅಂದ್ರು. ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದು ಆಗಲೇ ಒಂದೂವರೆ ವರ್ಷ ಆಗಿತ್ತು. ರಸ್ತೆ ಎಲ್ಲರದ್ದೂ ಅಂತ ಸಂವಿಧಾನದ 15ನೇ ವಿಧಿ ಹೇಳಿ ನಲವತ್ತು ವರ್ಷ ದಾಟಿತ್ತು. ದೂರು ಬರ್ಕೊಳ್ಳಲಿಲ್ಲ. ಅಪ್ಪ ಸಿಲಿಂಡರ್‌ನ ಗೋಣಿ ಚೀಲದಲ್ಲಿ ಸುತ್ತಿ ಬಸ್ಸಲ್ಲಿ ಮೈಸೂರಿಗೆ ಉಸ್ತಾದ್ ಹತ್ರ ತಗೊಂಡೋಯ್ತು. ಉಸ್ತಾದ್ ಗೀರಿನ ಮೇಲೆ ಬೆರಳಾಡಿಸಿ, ಬೋರಿಂಗ್ ಮಾಡ್ಸಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿ ಕೊಟ್ರು. ಕೂಲಿ ತಗೊಳ್ಳಲಿಲ್ಲ. ಮುಂದಿನ ವಾರದಿಂದ ಅಪ್ಪ ಮತ್ತೆ ಮೇಲಿನ ಬೀದೀಲೇ ಗಾಡಿ ಓಡಿಸ್ಕೊಂಡು ಬರೋಕೆ ಶುರು ಮಾಡ್ತು. ದೀಪಾವಳಿ ಹೊತ್ತಿಗೆ ಅದೇ ಯಜಮಾನ್ರ ಮನೆ ಹಸು ಕರು ಹಾಕೋಕೆ ಕಷ್ಟಪಡ್ತು, ಆಳು ಬಂದ. ಅಪ್ಪ ಹೋಯ್ತು. ಹಸು ಏನು ತಪ್ಪು ಮಾಡಿತ್ತು?

ಇದು ಆ ಓವರ್‌ಸೈಜ್ ಪಿಸ್ಟನ್ನಿನ ಕತೆ.

ಈಗ ಭಾನುವಾರಕ್ಕೆ ಬರ್ತೀನಿ. ಬಂದವರೆದುರು ನಾನು ಗೇಜ್ ತೆಗೆದೆ. ಕಲಿಯೋಕೆ ಬರೋ ನಮ್ಮ ಹಾಸ್ಟೆಲ್ ಹುಡುಗರು ಮೂರು ಜನ ಇದ್ರು, ಅವರಿಗೂ ಹೇಳ್ತಾ ಮಾಡ್ದೆ. ಇಲ್ಲೂ ಬರೀತೀನಿ, ಹಳೇ ಗಾಡಿ ಇಟ್ಟಿರೋರಿಗೆ ಉಪಯೋಗ ಆಗಲಿ.

ಮೊದಲು ಹತ್ತು ನಿಮಿಷ ಗಾಡಿ ಓಡಿಸಿ ಬಿಸಿ ಮಾಡಿ. ತಣ್ಣಗಿರೋ ಎಂಜಿನ್ ಸುಳ್ಳು ಹೇಳತ್ತೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಅದನ್ನ ವೈರಿಗೇ ಸಿಕ್ಕಿಸಿ ಸಿಲಿಂಡರ್‌ಗೆ ತಾಗೋ ಹಂಗೆ ಇಡಿ. ಗೇಜಿನ ಮರೆಯನ್ನ ಕೈಯಲ್ಲೇ ನೆಟ್ಟಗೆ ಕೂರಿಸಿ ಬಿಗಿ ಮಾಡಿ, ಅಡ್ಡಾದಿಡ್ಡಿ ತಿರುಗಿಸಿದ್ರೆ ಅಲ್ಯೂಮಿನಿಯಂ ಹೆಡ್ಡಿನ ಮರೆ ಹೋಗತ್ತೆ. ಚೋಕ್ ಆಫ್ ಇರಬೇಕು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡೀಬೇಕು. ಇದನ್ನ ಬಹಳ ಜನ ಮರೀತಾರೆ. ಉಸಿರಾಡೋಕೆ ಗಾಳಿ ಬಿಡದೆ ಶಕ್ತಿ ಇಲ್ಲ ಅಂದ್ರೆ ಹೆಂಗೆ? ಆಮೇಲೆ ಜೋರಾಗಿ ಐದಾರು ಕಿಕ್, ಮುಳ್ಳು ಮೇಲೇರೋದು ನಿಲ್ಲೋವರೆಗೆ.

ಮುಳ್ಳು ಕಡಿಮೆ ತೋರಿಸಿದ್ರೆ ಪ್ಲಗ್ ತೂತಲ್ಲಿ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಕಿಕ್ ಹೊಡೀರಿ. ಈಗ ಮುಳ್ಳು ಚೆನ್ನಾಗಿ ಏರಿದ್ರೆ ರಿಂಗ್ ಅಥವಾ ಬೋರ್ ಸವೆದಿದೆ, ಆಯಿಲ್ ಆ ಸಂದಿ ಮುಚ್ತು ಅಂತ ಅರ್ಥ. ಏರದೆ ಅಲ್ಲೇ ನಿಂತ್ರೆ ಹೆಡ್ ಕೂತಿರೋ ಜಾಗದಲ್ಲಿ ಸೋರಿಕೆ ನೋಡಿ. ಬುಲೆಟ್ ತರದ ಫೋರ್ ಸ್ಟ್ರೋಕ್ ಆದ್ರೆ ವಾಲ್ವ್ ನೋಡಿ, ಟ್ಯಾಪೆಟ್ ಬಿಗಿ ಇದೆಯಾ ನೋಡಿ. ಆಯಿಲ್ ಜಾಸ್ತಿ ಸುರೀಬೇಡಿ, ಜಾಗ ತುಂಬಿ ಮುಳ್ಳು ಸುಮ್ಮನೆ ಏರಿಬಿಡತ್ತೆ. ಇನ್ನೊಂದು, ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳೀನೇ ಸ್ವಲ್ಪ ತೆಳು. ಸಮುದ್ರದ ಪಕ್ಕದ ಊರಿನ ಲೆಕ್ಕಕ್ಕಿಂತ ನೂರಕ್ಕೆ ಎಂಟೊಂಬತ್ತು ಕಡಿಮೆ ಬಂದ್ರೆ ಎಂಜಿನ್ ತಪ್ಪಲ್ಲ. ನಿಂತಿರೋ ಜಾಗ ನೋಡದೆ ಅಳತೆ ಹೇಳೋರನ್ನ ನಾವು ಬೇಕಾದಷ್ಟು ನೋಡಿದ್ದೀವಿ.

ಅಪ್ಪನ ಗಾಡಿ ಮುಳ್ಳು 110ಕ್ಕೆ ಹೋಗಿ ನಿಂತ್ಕಂತು. ಈ ವಯಸ್ಸಿನ ಜಾವಾಗೆ ನನ್ನ ಲೆಕ್ಕದಲ್ಲಿ ಬಹಳ ಒಳ್ಳೇದು. ಬಂದವರಿಗೂ ಖುಷಿಯಾಯ್ತು. ಆದ್ರೆ ಸ್ಟಾರ್ಟ್ ಮಾಡಿದ್ರೆ ಐಡ್ಲಿಂಗ್ ನಿಲ್ಲಲಿಲ್ಲ, ಒಂದೊಂದ್ಸಲ ತಾನೇ ರೇಸ್ ಆಗ್ತಿತ್ತು. ಹುಡುಗರು ಕೇಳಿದ್ರು, "ಅಣ್ಣ, ಕಂಪ್ರೆಶನ್ ಚೆನ್ನಾಗಿದೆಯಲ್ಲ, ಮತ್ತೆ ಯಾಕೆ ಹಿಂಗೆ?"

ಟೂ ಸ್ಟ್ರೋಕ್ ಎಂಜಿನ್ನಿಗೆ ಎರಡು ಒತ್ತಡ ಬೇಕು. ಮೇಲೆ ಸಿಲಿಂಡರಿಂದು ಒಂದು, ಕೆಳಗೆ ಕ್ರ್ಯಾಂಕ್ ಕೇಸಿಂದು ಇನ್ನೊಂದು. ಕೆಳಗಿಂದ ದೂಡಿದ ಗಾಳೀನೇ ಮೇಲೆ ಬರೋದು. ಕ್ರ್ಯಾಂಕಿನ ಆಯಿಲ್ ಸೀಲ್ ಹರಿದಿದ್ರೆ ಕೆಳಗೆ ಸೋರಿಕೆ. ಪ್ಲಗ್ ತೂತಿಗೆ ಹಾಕೋ ಗೇಜಿಗೆ ಅದು ಕಾಣಲ್ಲ. ಹುಡುಗರಿಗೆ ಹೇಳ್ದೆ, ಮೇಲಿನ ಮುಳ್ಳು ನೋಡಿ ಎಲ್ಲಾ ಸರಿಯಿದೆ ಅಂತ ಬರ್ಕೊಬೇಡಿ ಅಂತ. ನಮ್ಮೂರ ಮೇಲಿನ ಬೀದಿಗೆ ಈಗ ಕಾಂಕ್ರೀಟ್ ಹಾಕಿದೆ. ಯಾರು ಬೇಕಾದ್ರೂ ಗಾಡಿ ಓಡಿಸಬಹುದು. ಕಾಲ ಬದಲಾಗಿದೆ ಅಂತಾರೆ. ಅದೇ ಬೀದೀಲಿ ಬಾಡಿಗೆಗೆ ಒಂದು ಮನೆ ಕೇಳಿ ನೋಡಿ, ಕೆಳಗಿನ ಸೀಲ್ ಎಲ್ಲಿ ಹರಿದಿದೆ ಅಂತ ಗೊತ್ತಾಗತ್ತೆ.

ಬಂದವರು ಒಂದೂವರೆ ಲಕ್ಷ ಕೊಡ್ತೀನಿ ಅಂದ್ರು. ಸುಳ್ಳು ಹೇಳಲ್ಲ, ನನಗೆ ದುಡ್ಡು ಬೇಕಿತ್ತು. ಮಗಳ ನರ್ಸಿಂಗ್ ಕಾಲೇಜಿನ ಫೀಸ್ ಬಾಕಿ ಇದೆ. ಅಪ್ಪನ ಮುಖ ನೋಡ್ದೆ. ಅಪ್ಪ ಹೇಳ್ತು, "ಮಾರಾದಾದ್ರೆ ಮಾರು. ಕೂಸಿನ ಓದು ದೊಡ್ಡದು. ಆದ್ರೆ ಬೋರಿಂಗ್ ಯಾಕಾಯ್ತು ಅಂತ ಹೇಳಿ ಮಾರು."

ಹೇಳ್ದೆ. ಇಲ್ಲಿ ಬರೆದಿದ್ದಷ್ಟನ್ನೂ ಹೇಳ್ದೆ. ಅವರು ಕೆಟ್ಟವರಲ್ಲ. ನಿಜವಾಗ್ಲೂ ಬೇಜಾರು ಮಾಡ್ಕೊಂಡ್ರು. "ಅಂಕಲ್, ಹಂಗೆಲ್ಲ ಆಗಬಾರದಿತ್ತು" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ, "ಚಿಂತೆ ಮಾಡಬೇಡಿ, ನಾನು ಹೊಸ ಸ್ಲೀವ್ ಹಾಕ್ಸಿ ಮತ್ತೆ ಸ್ಟ್ಯಾಂಡರ್ಡ್ ಪಿಸ್ಟನ್ ಕೂರಿಸ್ತೀನಿ. ಪೂರ್ತಿ ರೀಸ್ಟೋರ್ ಮಾಡ್ಸಿದ್ರೆ ಏನೂ ಆಗಿಲ್ಲ ಅನ್ನೋ ಹಂಗಾಗತ್ತೆ" ಅಂದ್ರು.

ಏನೂ ಆಗಿಲ್ಲ ಅನ್ನೋ ಹಂಗೆ.

ಅಪ್ಪ ಮತ್ತೆ ನಕ್ಕಿತು. ನಾನು ಟಾರ್ಪಾಲು ಹೊದಿಸ್ದೆ. ಟೀ ಕುಡಿಸಿ ಕಳಿಸ್ದೆ. ಫೀಸಿಗೆ ಬೇರೆ ದಾರಿ ನೋಡ್ತಿದ್ದೀನಿ, ಎರಡು ಬುಲೆಟ್ ಎಂಜಿನ್ ಕೆಲಸ ಒಪ್ಪಿಕೊಂಡಿದ್ದೀನಿ, ಸಾಲದಿದ್ರೆ ಗೆಳೆಯರನ್ನೇ ಕೇಳ್ತೀನಿ. ಮಗಳು ಬೈದಳು, "ಮಾರಬಹುದಿತ್ತಲ್ಲ ಅಪ್ಪ" ಅಂತ. ಅವಳ ಸಿಟ್ಟಲ್ಲೂ ನ್ಯಾಯ ಇದೆ. ನಾನು ಮಾಡಿದ್ದು ಸರೀನಾ ಅಂತ ರಾತ್ರಿ ಯೋಚನೆ ಬರತ್ತೆ. ಆದ್ರೆ ಆ ಅರ್ಧ ಮಿಲಿಮೀಟರ್ ಬಿಟ್ರೆ ನಮ್ಮ ಹತ್ರ ಬೇರೆ ದಾಖಲೆ ಏನಿದೆ? ಸ್ಟೇಷನ್ನಲ್ಲಿ ಎಫ್‌ಐಆರ್ ಇಲ್ಲ. ಪೇಪರಲ್ಲಿ ಬರಲಿಲ್ಲ. ಬರೆದಿಟ್ಟಿರೋದು ಆ ಸಿಲಿಂಡರ್ ಒಂದೇ.

ಈ ವಾರ ಕ್ರ್ಯಾಂಕ್ ಸೀಲ್ ಬದಲಾಯಿಸ್ತೀನಿ. ಹುಡುಗರೂ ಬರ್ತಾರೆ. ಗೇಜ್ ಕೊಡೋಕೆ ಮುಂಚೆ ಪ್ರತಿಯೊಬ್ಬರ ಕೈಲೂ ಹೆಬ್ಬೆರಳಿಡಿಸ್ತೀನಿ, ಅಪ್ಪ ನನ್ನ ಕೈಲಿ ಇಡಿಸಿದ ಹಂಗೆ. ಬರೋ ಏಪ್ರಿಲ್ 14ಕ್ಕೆ ಬೇವಿನ ಮರದಿಂದ ಕೇರಿವರೆಗೆ ಈ ಗಾಡಿ ಓಡಿಸೋದು ನನ್ನ ಮಗಳು ಅಂತ ಅಪ್ಪ ಆಗಲೇ ಹೇಳಿಬಿಟ್ಟಿದೆ. ಅವಳಿಗೆ ಆ ಕಿಕ್ಕರ್ ಇನ್ನೂ ಸರಿಯಾಗಿ ಬರಲ್ಲ. ಭಾನುವಾರದಿಂದ ಕಲಿಸೋಕೆ ಶುರು.

ಭಾನುವಾರ ಬೆಳಿಗ್ಗೆ ಅಂಗಡಿ ತೆಗೆದಿರತ್ತೆ. ಕಲಿಯೋ ಮನಸ್ಸಿರೋ ನಮ್ಮ ಮಕ್ಕಳಿದ್ರೆ ಕಳಿಸಿ. ಹುಡುಗೀರನ್ನೂ ಕಳಿಸಿ. ಫೀಸ್ ಇಲ್ಲ. ಟೀ ನಂದು.

ಜೈ ಭೀಮ್.